ಜಂತಿನ ಮಾತ್ರೆಗೆ ಸಿಗದ ಹುಳುಗಳು: ನಾಯಿಯ ರಕ್ತನಾಳದೊಳಗೆ ಏನಾಗುತ್ತದೆ?

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿನಾಯಿಗಳ ಬಗ್ಗೆ ಒಂದು ಆದೇಶ ಕೊಟ್ಟಿತು. ಹಿಡಿದ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಜಂತುಹುಳುವಿನ ಔಷಧ ಕೊಟ್ಟು, ಹಿಡಿದ ಜಾಗದಲ್ಲೇ ಬಿಡಿ ಎಂದಿತು. ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿಗಳಿಗೆ ಮಾತ್ರ ಬೇರೆ ನಿಯಮ. ಪ್ರತಿ ವಾರ್ಡಿನಲ್ಲೂ ನಾಯಿಗಳಿಗೆ ಊಟ ಹಾಕಲು ಜಾಗ ಗೊತ್ತು ಮಾಡಿ ಎಂದೂ ಹೇಳಿತು. ಆಮೇಲೆ ಟೀವಿಯಲ್ಲಿ, ವಾಟ್ಸಾಪಿನಲ್ಲಿ ನಡೆದದ್ದೆಲ್ಲ ಹಿಡಿಯಬೇಕೋ ಬಿಡಬೇಕೋ ಎಂಬ ಜಗಳ. ಜಂತುಹುಳುವಿನ ಮಾತನ್ನು ಯಾರೂ ಎತ್ತಲಿಲ್ಲ. ಅದರಲ್ಲೇನಿದೆ, ಒಂದು ಮಾತ್ರೆ ನುಂಗಿಸಿದರೆ ಮುಗೀತು, ಅಲ್ವಾ?

ಅಷ್ಟು ಸುಲಭ ಅಲ್ಲ. ನಾವು ಮೂರು ತಿಂಗಳಿಗೊಮ್ಮೆ ನಾಯಿಗೆ ಕೊಡುವ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್. ಇವುಗಳ ಕೆಲಸ ಕರುಳಿನಲ್ಲಿ. ದುಂಡುಹುಳು, ಕೊಕ್ಕೆಹುಳು, ಲಾಡಿಹುಳುಗಳನ್ನು ಚೆನ್ನಾಗಿಯೇ ಹೊರಹಾಕುತ್ತವೆ. ಮರಿ ನಾಯಿಗಂತೂ ಇದು ಬೇಕೇ ಬೇಕು. ಆದರೆ ಕರುಳಿನ ಗೊಡವೆಗೇ ಹೋಗದ ಹುಳುಗಳಿವೆ. ಅವುಗಳಲ್ಲಿ ಕೆಲವು ರಕ್ತನಾಳವನ್ನು ದಾರಿ ಮಾಡಿಕೊಳ್ಳುತ್ತವೆ, ಕೆಲವು ಅಲ್ಲೇ ಮನೆ ಮಾಡುತ್ತವೆ. ಈ ಮಾತ್ರೆಯನ್ನು ನಂಬಿಕೊಂಡು ಕೂತರೆ ಅವು ಸಾಯುವುದಿಲ್ಲ. ನಾಯಿಯ ಟ್ರೀಟ್‌ಮೆಂಟ್ ಕಾರ್ಡಿನಲ್ಲಿ ಮಾತ್ರ ಜಂತಿನ ಔಷಧ ಆಯಿತು ಅಂತ ಟಿಕ್ ಬಿದ್ದಿರುತ್ತದೆ.

ನಮ್ಮ ಕಡೆಗೆ ಹೆಚ್ಚು ಸಂಬಂಧಪಟ್ಟ ಹುಳು ಸ್ಪೈರೊಸೆರ್ಕಾ ಲೂಪಿ. ಬಿಸಿಲು ಜಾಸ್ತಿ ಇರುವ ದೇಶಗಳಲ್ಲೆಲ್ಲ ಇದೆ. ದಕ್ಷಿಣ ಭಾರತದ ಪಶುವೈದ್ಯರಿಗೆ ಹೊಸದೇನಲ್ಲ. ಸಾಕುವವರಿಗೆ ಮಾತ್ರ ಹೆಸರೇ ಗೊತ್ತಿಲ್ಲ. ಬಣ್ಣ ನಸುಗೆಂಪು. ಸುರುಳಿ ಸುತ್ತಿಕೊಂಡಿರುತ್ತದೆ. ಬೆಳೆದ ಹೆಣ್ಣು ಹುಳು 8 ಸೆಂಟಿಮೀಟರ್‌ವರೆಗೂ ಇರಬಹುದು.

ಇದು ನಾಯಿಯಿಂದ ನಾಯಿಗೆ ನೇರವಾಗಿ ಹೋಗುವುದಿಲ್ಲ. ನಾಯಿಯ ಮಲದಲ್ಲಿ ಇದರ ಮೊಟ್ಟೆ ಬೀಳುತ್ತದೆ. ಆ ಮಲವನ್ನು ಸಗಣಿ ಹುಳು ತಿನ್ನುತ್ತದೆ. ಸಗಣಿಯನ್ನು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗುವ ಕಪ್ಪು ಹುಳು ಇದೆಯಲ್ಲ, ಅದು ಮತ್ತು ಅದರ ನೆಂಟರು. ಮೊಟ್ಟೆಯಿಂದ ಹೊರಬಂದ ಮರಿಹುಳು ಅದರ ಮೈಯೊಳಗೆ ಬೆಳೆಯುತ್ತದೆ. ಆ ಸಗಣಿ ಹುಳುವನ್ನು ನಾಯಿ ನೇರವಾಗಿ ನುಂಗಬಹುದು. ಇಲ್ಲವೇ ಕೋಳಿ, ಇಲಿ, ಓತಿಕೇತ ತಿಂದಿರಬಹುದು. ಆಗ ಮರಿಹುಳು ಅವುಗಳ ಒಳಗೆ ಬೆಳೆಯದೆ, ಸಾಯದೆ ಕಾದು ಕೂರುತ್ತದೆ. ನಾಯಿ ಆ ಕೋಳಿಯನ್ನೋ ಓತಿಕೇತವನ್ನೋ ಹಸಿಯಾಗಿ ತಿಂದ ದಿನ ಅದಕ್ಕೆ ಬೇಕಾದ ಮನೆ ಸಿಕ್ಕಿತು.

ಇನ್ನು ನಾಯಿಯ ಒಳಗೆ ನಡೆಯುವುದೇ ವಿಚಿತ್ರ. ಮರಿಹುಳು ಹೊಟ್ಟೆಯ ಗೋಡೆಯನ್ನು ಕೊರೆಯುತ್ತದೆ. ಹೊಟ್ಟೆಗೆ ರಕ್ತ ತರುವ ನಾಳದ ಗೋಡೆಯೊಳಕ್ಕೆ ನುಗ್ಗುತ್ತದೆ. ಗಮನಿಸಿ, ಅದು ಹರಿಯುವ ರಕ್ತದಲ್ಲಿ ತೇಲಿಕೊಂಡು ಹೋಗುವುದಿಲ್ಲ. ನಾಳದ ಗೋಡೆಯ ಪದರಗಳ ನಡುವೆಯೇ ತೆವಳುತ್ತಾ ಮೇಲೇರುತ್ತದೆ. ಹೀಗೆ ಹೋಗಿ ಸೇರುವುದು ಮಹಾಪಧಮನಿಗೆ. ಹೃದಯದಿಂದ ಹೊರಟು ಮೈಗೆಲ್ಲ ರಕ್ತ ಹಂಚುವ ಅತಿ ದೊಡ್ಡ ನಾಳ ಅದು. ಅದರ ಎದೆಗೂಡಿನ ಭಾಗದ ಗೋಡೆಯಲ್ಲಿ ಸುಮಾರು ಮೂರು ತಿಂಗಳು ಠಿಕಾಣಿ. ಬಲಿತ ಮೇಲೆ ಪಕ್ಕದಲ್ಲೇ ಹಾದುಹೋಗುವ ಅನ್ನನಾಳಕ್ಕೆ ದಾಟುತ್ತದೆ. ಅಲ್ಲಿ ಗಂಟು ಕಟ್ಟಿಕೊಂಡು ಮೊಟ್ಟೆ ಇಡಲು ಶುರು ಮಾಡುವಷ್ಟರಲ್ಲಿ ಐದಾರು ತಿಂಗಳು ಕಳೆದಿರುತ್ತದೆ.

ಆ ಮೂರು ತಿಂಗಳಲ್ಲಿ ನಾಳಕ್ಕೆ ಆಗುವ ಪೆಟ್ಟು ಸಣ್ಣದಲ್ಲ. ಮಹಾಪಧಮನಿಯ ಗೋಡೆಗೆ ರಬ್ಬರಿನಂಥ ಗುಣ ಇರುತ್ತದೆ. ಹೃದಯ ಬಡಿದಾಗ ಹಿಗ್ಗಿ, ಮತ್ತೆ ಕುಗ್ಗುತ್ತದೆ. ಹುಳು ಕೊರೆದ ಕಡೆ ಈ ಗುಣ ಹೋಗಿ, ಬರೀ ಗಾಯದ ಕಲೆ ಉಳಿಯುತ್ತದೆ. ಅಂಥ ನಾಳವನ್ನು ಉದ್ದಕ್ಕೆ ಸೀಳಿ ನೋಡಿದರೆ, ನುಣ್ಣಗೆ ಹೊಳೆಯಬೇಕಾದ ಒಳಮೈ ಅಲ್ಲಲ್ಲಿ ಸುಕ್ಕುಗಟ್ಟಿ ಒರಟಾಗಿರುತ್ತದೆ. ಕೆಲವು ಕಡೆ ಗೋಡೆ ತೆಳುವಾಗಿ ಹೊರಕ್ಕೆ ಉಬ್ಬಿ ಚೀಲದಂತಾಗಿರುತ್ತದೆ. ಹುಳು ಅಲ್ಲಿಂದ ಯಾವತ್ತೋ ಜಾಗ ಖಾಲಿ ಮಾಡಿರುತ್ತದೆ, ಆದರೆ ಉಬ್ಬು ಹಾಗೇ ಇರುತ್ತದೆ. ನಾಯಿ ಸತ್ತ ಮೇಲೆ ನೋಡಿದರೂ ಇದು ಸ್ಪೈರೊಸೆರ್ಕಾ ಮಾಡಿದ ಕೆಲಸ ಎಂದು ಹೇಳುವಷ್ಟು ಖಚಿತವಾದ ಗುರುತು.

ಬಹಳಷ್ಟು ನಾಯಿಗಳು ಈ ಉಬ್ಬನ್ನು ಇಟ್ಟುಕೊಂಡೇ ಬದುಕುತ್ತವೆ, ಏನೂ ಗೊತ್ತಾಗುವುದಿಲ್ಲ. ಕೆಲವಕ್ಕೆ ಒಂದು ದಿನ ಅದು ಒಡೆಯುತ್ತದೆ. ಎದೆಗೂಡಿನೊಳಗೆ ರಕ್ತ ತುಂಬಿ, ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ. ಬೆಳಗ್ಗೆ ಬಾಲ ಅಲ್ಲಾಡಿಸಿಕೊಂಡು ಓಡಾಡಿದ ನಾಯಿ ಮಧ್ಯಾಹ್ನಕ್ಕೆ ಹೆಣ. ಮೈಮೇಲೆ ಗಾಯವಿಲ್ಲ, ಜ್ವರವಿರಲಿಲ್ಲ. ನಮ್ಮ ಬೀದಿಗಳಲ್ಲಿ ಇಂಥ ಸಾವಿಗೆ ಸಿಗುವ ವಿವರಣೆ ಒಂದೇ: ಯಾರೋ ವಿಷ ಹಾಕಿದ್ದಾರೆ. ಎದುರು ಮನೆಯವರ ಮೇಲೆ ಅನುಮಾನ, ಬೈಗುಳ, ಕೆಲವೊಮ್ಮೆ ಪೊಲೀಸ್ ಠಾಣೆ. ವಿಷ ಹಾಕುವವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಮರಣೋತ್ತರ ಪರೀಕ್ಷೆ ಮಾಡಿಸದೆ ಯಾರನ್ನೂ ದೂರುವುದು ಸರಿಯಲ್ಲ. ಎದೆ ತುಂಬ ರಕ್ತ, ನಾಳದಲ್ಲಿ ಒಡೆದ ಉಬ್ಬು ಕಂಡರೆ ಎದುರು ಮನೆಯವರನ್ನು ಬಿಟ್ಟುಬಿಡಬಹುದು.

ಹುಳು ಅನ್ನನಾಳಕ್ಕೆ ಬಂದ ಮೇಲೆ ಕಾಯಿಲೆ ಹೊರಗೆ ಕಾಣಲು ಶುರುವಾಗುತ್ತದೆ. ಆದರೆ ಕಂಡದ್ದನ್ನು ನಾವು ತಪ್ಪಾಗಿ ಓದುತ್ತೇವೆ. "ಸಾರ್, ವಾರದಿಂದ ವಾಂತಿ ಮಾಡ್ತಿದೆ" ಎಂದು ನಾಯಿ ಕರೆತಂದವರು ಹೇಳುತ್ತಾರೆ. ಕೇಳುವ ತಾಳ್ಮೆ ಇರುವ ಡಾಕ್ಟರ್ ಇನ್ನೊಂದು ಪ್ರಶ್ನೆ ಹಾಕುತ್ತಾರೆ: "ಹೊಟ್ಟೆ ಹಿಂಡಿಕೊಂಡು, ಓಕ್ ಓಕ್ ಅಂತ ಕಕ್ಕುತ್ತಾ? ಇಲ್ಲ ತಲೆ ಬಗ್ಗಿಸಿದ ತಕ್ಷಣ ಸುಮ್ನೆ ಬಿದ್ದು ಹೋಗುತ್ತಾ?" ಎರಡೂ ಬೇರೆ ಬೇರೆ. ವಾಂತಿ ಹೊಟ್ಟೆಯಿಂದ ಬರುತ್ತದೆ. ಅದಕ್ಕೆ ಹೊಟ್ಟೆ ಕುಲುಕಬೇಕು, ಎಷ್ಟೋ ಸಲ ಹಳದಿ ಪಿತ್ತವೂ ಬರುತ್ತದೆ. ಅನ್ನನಾಳದಲ್ಲಿ ಗಂಟು ಅಡ್ಡ ಇದ್ದರೆ ಅನ್ನ ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ತಿಂದದ್ದು ಜೀರ್ಣವಾಗದೆ, ಅನ್ನದ ಅಗುಳು ಅಗುಳಾಗಿ, ಕೆಲವೊಮ್ಮೆ ಕೊಳವೆಯ ಆಕಾರದಲ್ಲೇ ವಾಪಸ್ ಬೀಳುತ್ತದೆ. ನಾಯಿ ಅದನ್ನೇ ಮತ್ತೆ ತಿನ್ನಲು ಹೋಗುತ್ತದೆ. ಈ ವ್ಯತ್ಯಾಸ ತಿಳಿಯದೆ ವಾಂತಿ ನಿಲ್ಲುವ ಇಂಜೆಕ್ಷನ್ ಕೊಡಿಸುತ್ತಾ ಹೋದರೆ ವಾರಗಳು ಸುಮ್ನೆ ಕಳೆದು ಹೋಗುತ್ತವೆ. ಮೊಬೈಲ್‌ನಲ್ಲಿ ಒಂದು ವಿಡಿಯೊ ಮಾಡಿಕೊಂಡು ಹೋಗಿ ತೋರಿಸಿ. ಬಾಯಿಮಾತಿನ ವಿವರಣೆಗಿಂತ ಅದು ಎಷ್ಟೋ ಮೇಲು.

ಎಂಡೋಸ್ಕೋಪಿ ಮಾಡಿದರೆ ಚಿತ್ರ ಸ್ಪಷ್ಟ. ಅನ್ನನಾಳದ ಕೆಳಭಾಗದಲ್ಲಿ, ಹೊಟ್ಟೆಗೆ ಸೇರುವ ಕಡೆಗೆ, ನುಣುಪಾದ ಒಂದು ಗಂಟು. ಅದರ ತುದಿಯಲ್ಲಿ ಮೊಲೆತೊಟ್ಟಿನಂಥ ಉಬ್ಬು, ಅದರಲ್ಲೊಂದು ಸಣ್ಣ ತೂತು. ಕೆಲವೊಮ್ಮೆ ಆ ತೂತಿನಿಂದ ಕೆಂಪು ಹುಳುವಿನ ಬಾಲ ಇಣುಕುತ್ತಿರುತ್ತದೆ. ಮೊಟ್ಟೆಗಳು ಹೊರಬೀಳುವುದು ಇದೇ ತೂತಿನಿಂದ.

ಈ ಗಂಟು ಕೆಲವು ನಾಯಿಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಒಂದು ಹುಳುವಿನಿಂದ ಕ್ಯಾನ್ಸರ್ ಬರುವುದು ಪ್ರಾಣಿವೈದ್ಯದಲ್ಲಿ ಅಪರೂಪದ ಸಂಗತಿ. ಅದಕ್ಕೇ ಸಂಶೋಧಕರಿಗೆ ಇದರ ಮೇಲೆ ವಿಶೇಷ ಕಣ್ಣು. ಕ್ಯಾನ್ಸರ್ ಆದ ಗಂಟಿನಿಂದ ಸಾಮಾನ್ಯವಾಗಿ ಮೊಟ್ಟೆ ಹೊರಬರುವುದಿಲ್ಲ, ಹಾಗಾಗಿ ಮಲ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಇನ್ನೊಂದು ವಿಚಿತ್ರ: ಎದೆಯೊಳಗೆ ಗಡ್ಡೆ ಬೆಳೆದರೆ ಕೆಲವು ನಾಯಿಗಳ ಕಾಲಿನ ಮೂಳೆ ದಪ್ಪವಾಗಿ ಊದುತ್ತದೆ. ಮನೆಯವರು ಕಾಲು ನೋವೆಂದು ಎಣ್ಣೆ ತಿಕ್ಕುತ್ತಾರೆ, ತೊಂದರೆ ಇರುವುದು ಎದೆಯಲ್ಲಿ.

ಈಗ ಊಟದ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಇಡೀ ಸಮಸ್ಯೆಯ ಕೀಲಿ ಇರುವುದು ಇಲ್ಲಿ. ಬೀದಿನಾಯಿಗೆ ಪ್ರೀತಿಯಿಂದ ಊಟ ಹಾಕುವ ಎಷ್ಟೋ ಜನ ಕೋಳಿ ಅಂಗಡಿಯಿಂದ ಕಾಲು, ತಲೆ, ಕರುಳು ತಂದು ಹಾಕುತ್ತಾರೆ. ಬೇಯಿಸಿ ಹಾಕಿದರೆ ಈ ಹುಳುವಿನ ಭಯವಿಲ್ಲ. ಹಸಿಯಾಗಿ ಹಾಕಿದರೆ ಇದೆ. ಶೆಡ್ಡಿನೊಳಗೇ ಬೆಳೆದ ಬ್ರಾಯ್ಲರ್ ಕೋಳಿಗೆ ಸಗಣಿ ಹುಳು ಸಿಗುವುದು ಕಡಿಮೆ. ತಿಪ್ಪೆ ಕೆದಕುತ್ತಾ ಬೆಳೆದ ನಾಟಿ ಕೋಳಿಗೆ ಅದೇ ಊಟ. ಹಳ್ಳಿಯಲ್ಲಿ ಹಬ್ಬಕ್ಕೆ ಕೋಳಿ ಕೊಯ್ದಾಗ ಒಳಗಿನದ್ದನ್ನೆಲ್ಲ ಹಿತ್ತಲಿನ ನಾಯಿಗೆ ಎಸೆಯುವುದು ವಾಡಿಕೆ. ನಾಟಿ ಎಂದರೆ ಶುದ್ಧ ಎಂಬ ನಂಬಿಕೆ ನಮಗಿದೆ. ನಾಯಿಯ ಮಹಾಪಧಮನಿಯ ದೃಷ್ಟಿಯಿಂದ ನೋಡಿದರೆ ಉಲ್ಟಾ.

2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕುವ ಯೋಜನೆ ತಂದಾಗ ಜನ ಚೆನ್ನಾಗಿಯೇ ನಕ್ಕರು. ರಸ್ತೆಗುಂಡಿ ಮುಚ್ಚಲು ದುಡ್ಡಿಲ್ಲ, ನಾಯಿಗೆ ಬಿರಿಯಾನಿಯೇ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಹುಳುವಿನ ಲೆಕ್ಕದಲ್ಲಿ ಬೇಯಿಸಿದ ಊಟ, ಗೊತ್ತಾದ ಜಾಗ, ಊಟವಾದ ಮೇಲೆ ಅಲ್ಲಿನ ಗಲೀಜು ತೆಗೆಯುವ ಜನ ಇದ್ದರೆ ಅದು ಔಷಧಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಊಟದ ಜಾಗದಲ್ಲಿ ಹತ್ತಾರು ನಾಯಿ ಸೇರಿ, ಅಲ್ಲೇ ಮಲ ಬಿದ್ದು, ಅದನ್ನು ಯಾರೂ ತೆಗೆಯದಿದ್ದರೆ? ಹುಳುವಿಗೆ ನಾವೇ ಕ್ಯಾಂಟೀನು ಕಟ್ಟಿಕೊಟ್ಟಂತೆ. ಕೋರ್ಟಿನ ಆದೇಶದಲ್ಲಿ ಜಂತಿನ ಔಷಧ ಒಂದು ಕಡೆ, ಊಟದ ಜಾಗ ಇನ್ನೊಂದು ಕಡೆ ಇದೆ. ಇವೆರಡೂ ಒಂದೇ ವಿಷಯ ಎಂಬುದು ಪಾಲಿಕೆಯವರಿಗೆ ಹೊಳೆಯಬೇಕು.

ದನ ಇಲ್ಲದ ಊರಲ್ಲಿ ಸಗಣಿ ಹುಳು ಎಲ್ಲಿಂದ ಬರುತ್ತದೆ ಎನ್ನಬಹುದು. ಇದಕ್ಕೆ ಇಸ್ರೇಲ್ ಉತ್ತರ ಕೊಟ್ಟಿದೆ. ಅಲ್ಲಿ 1990ರ ದಶಕದಲ್ಲಿ ಈ ಕಾಯಿಲೆ ಇದ್ದಕ್ಕಿದ್ದಂತೆ ಹೆಚ್ಚಾಯಿತು, ಅದೂ ಟೆಲ್ ಅವೀವ್‌ನಂಥ ನಗರದ ಸುತ್ತ. ಹುಡುಕಿದಾಗ ಸಿಕ್ಕ ಮುಖ್ಯ ಅಪರಾಧಿ ಆಂತೊಫೇಗಸ್ ಸೆಲ್ಲೇಟಸ್ ಎಂಬ ಸಣ್ಣ ಸಗಣಿ ಹುಳು. ಅದಕ್ಕೆ ಹಸು ಬೇಕಿಲ್ಲ. ಪಾರ್ಕಿನಲ್ಲಿ ಬಿದ್ದ ನಾಯಿಯ ಮಲವೇ ಸಾಕು. ಅಂದರೆ ಸಾಕಿದ ನಾಯಿಯನ್ನು ಬೆಳಗ್ಗೆ ವಾಕಿಂಗ್ ಕರೆದುಕೊಂಡು ಹೋಗಿ, ಅದು ಮಾಡಿದ್ದನ್ನು ಅಲ್ಲೇ ಬಿಟ್ಟು ಬರುವವರು ಈ ಸರಪಳಿಯ ಒಂದು ಕೊಂಡಿ. ಬೀದಿನಾಯಿಯನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ರಕ್ತನಾಳದ ಇನ್ನೊಂದು ಹುಳು ಜಗತ್ತಿನಲ್ಲಿ ಹೆಚ್ಚು ಹೆಸರುವಾಸಿ: ಡೈರೊಫೈಲೇರಿಯಾ ಇಮ್ಮಿಟಿಸ್, ಜನರ ಬಾಯಲ್ಲಿ ಹಾರ್ಟ್‌ವರ್ಮ್. ಹೆಸರು ಹೃದಯದ್ದಾದರೂ ಅದು ಹೆಚ್ಚಾಗಿ ವಾಸಿಸುವುದು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳಗಳಲ್ಲಿ. ಇದನ್ನು ಹರಡುವುದು ಸೊಳ್ಳೆ. ಹೆಣ್ಣು ಹುಳು 25ರಿಂದ 30 ಸೆಂಟಿಮೀಟರ್ ಉದ್ದ, ಅಂದರೆ ಶಾಲೆಯ ಸ್ಕೇಲಿನಷ್ಟು. ನಾಯಿಯೊಳಗೆ ಐದರಿಂದ ಏಳು ವರ್ಷ ಬದುಕಬಲ್ಲದು. ಹುಳು ತಾಗಿದ ಕಡೆ ನಾಳದ ಒಳಪದರ ಕಿತ್ತುಬರುತ್ತದೆ. ಅದನ್ನು ಸರಿಪಡಿಸಲು ಹೋದ ದೇಹ ಅಲ್ಲಿ ಒರಟೊರಟಾದ ಮಾಂಸದ ಕುಚ್ಚುಗಳನ್ನು ಬೆಳೆಸುತ್ತದೆ. ನಾಳ ಕಿರಿದಾಗಿ ಬಿಗಿಯುತ್ತದೆ, ಒತ್ತಡ ಏರುತ್ತದೆ, ಹೃದಯದ ಬಲಭಾಗ ಸೋಲುತ್ತದೆ. ಎಷ್ಟು ಹುಳು ಇವೆ ಎಂಬುದೊಂದೇ ಮುಖ್ಯವಲ್ಲ. ನಾಯಿ ಎಷ್ಟು ಓಡಾಡುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೆಲವೇ ಹುಳು ಇದ್ದರೂ ದಿನವಿಡೀ ಓಡುವ ನಾಯಿಗೆ ಕಾಯಿಲೆ ಜೋರಾಗಬಹುದು.

ಅಮೆರಿಕದಲ್ಲಿ ಇದು ದೊಡ್ಡ ತಲೆನೋವು. ಅಲ್ಲಿನ ಹಾರ್ಟ್‌ವರ್ಮ್ ಸೊಸೈಟಿಯ ಅಂದಾಜಿನ ಪ್ರಕಾರ 10 ಲಕ್ಷಕ್ಕೂ ಹೆಚ್ಚು ನಾಯಿಗಳಲ್ಲಿ ಈ ಹುಳು ಇದೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ದಕ್ಷಿಣದ ರಾಜ್ಯಗಳ ಸಾವಿರಾರು ನಾಯಿಗಳನ್ನು ದೇಶದ ಬೇರೆ ಕಡೆಗೆ ಸಾಗಿಸಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ನಾಯಿಗಳ ಜೊತೆ ಹುಳುವೂ ಹೋಯಿತು. ತಡೆಯಲು ತಿಂಗಳಿಗೊಂದು ಡೋಸ್ ಔಷಧ ಇದೆ. ಅದರಲ್ಲಿ ಹಳೆಯದು ಐವರ್ಮೆಕ್ಟಿನ್. ಈ ಗುಂಪಿನ ಔಷಧ ಕಂಡುಹಿಡಿದ ವಿಲಿಯಂ ಕ್ಯಾಂಬೆಲ್ ಮತ್ತು ಸತೋಶಿ ಒಮುರಾ 2015ರ ನೊಬೆಲ್ ಹಂಚಿಕೊಂಡರು. ಆದರೆ ಮಿಸಿಸಿಪ್ಪಿ ನದಿಯ ಕೆಳಭಾಗದ ಪ್ರದೇಶದಲ್ಲಿ ಈ ಔಷಧಕ್ಕೆ ಬಗ್ಗದ ಹುಳುಗಳು ಆಗಲೇ ಹುಟ್ಟಿಕೊಂಡಿವೆ.

ಬೆಳೆದ ಹಾರ್ಟ್‌ವರ್ಮ್ ಅನ್ನು ಕೊಲ್ಲುವುದು ಇನ್ನೊಂದು ಸಾಹಸ. ಮೆಲಾರ್ಸೊಮಿನ್ ಎಂಬ ಪಾಷಾಣ ಜಾತಿಯ ಔಷಧವನ್ನು ಸೊಂಟದ ಸ್ನಾಯುವಿನೊಳಕ್ಕೆ ಚುಚ್ಚುತ್ತಾರೆ. ಮೊದಲು ಒಂದು, ತಿಂಗಳ ನಂತರ 24 ಗಂಟೆ ಅಂತರದಲ್ಲಿ ಎರಡು. ಸತ್ತ ಹುಳು ಮಾಯವಾಗುವುದಿಲ್ಲವಲ್ಲ. ತುಂಡುತುಂಡಾಗಿ ಶ್ವಾಸಕೋಶದ ಸಣ್ಣ ನಾಳಗಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ತಿಂಗಳುಗಟ್ಟಲೆ ನಾಯಿಯನ್ನು ಓಡಲು ಬಿಡಬಾರದು. ಎಳೆ ವಯಸ್ಸಿನ ಲ್ಯಾಬ್ರಡಾರ್ ಸಾಕಿದವರಿಗೆ ಇದೆಷ್ಟು ಕಷ್ಟವೆಂದು ಗೊತ್ತು. ಆ ಔಷಧ ನಮ್ಮಲ್ಲಿ ಸುಲಭವಾಗಿ ಸಿಗುವುದೂ ಇಲ್ಲ.

ಭಾರತದಲ್ಲಿ ಹಾರ್ಟ್‌ವರ್ಮ್ ವರದಿಗಳು ಬರುವುದು ಹೆಚ್ಚಾಗಿ ಈಶಾನ್ಯದಿಂದ, ಅಸ್ಸಾಂ, ಮಿಜೋರಾಂ ಕಡೆಯಿಂದ. ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಇದರ ದಾಯಾದಿ ಡೈರೊಫೈಲೇರಿಯಾ ರೆಪೆನ್ಸ್. ಇದೂ ಸೊಳ್ಳೆಯಿಂದಲೇ ಬರುತ್ತದೆ, ಆದರೆ ನಾಳಕ್ಕೆ ಹೋಗದೆ ಚರ್ಮದ ಕೆಳಗೆ ಇರುತ್ತದೆ. ಮನುಷ್ಯರಿಗೂ ಬರುತ್ತದೆ. ಕಣ್ಣಿನ ಬಿಳಿಭಾಗದ ಪದರದಡಿ ಹುಳು ಹರಿದಾಡುತ್ತಿದೆ ಎಂದು ಬಂದ ರೋಗಿಗಳಿಂದ ಇದನ್ನು ಹೊರತೆಗೆದದ್ದನ್ನು ಕರಾವಳಿಯ ಕಣ್ಣಿನ ವೈದ್ಯರು ವರದಿ ಮಾಡಿದ್ದಾರೆ. ಎರಡೂ ಹುಳುಗಳ ಮರಿಗಳು ನಾಯಿಯ ರಕ್ತದಲ್ಲೇ ಈಜುತ್ತಿರುತ್ತವೆ. ಬರೀ ಸ್ಲೈಡ್ ನೋಡಿ ಮರಿಹುಳು ಇದೆ ಎಂದು ಗೊತ್ತಾದ ಕೂಡಲೇ ಹಾರ್ಟ್‌ವರ್ಮ್ ಎಂದು ಗಾಬರಿಯಾಗುವುದು ಬೇಡ. ಯಾವ ಜಾತಿ ಎಂದು ಖಚಿತ ಮಾಡಿಸಿ. ಹೆಣ್ಣು ಹಾರ್ಟ್‌ವರ್ಮ್ ಬಿಡುವ ಪ್ರೋಟೀನನ್ನು ಹಿಡಿಯುವ ಕಿಟ್ ಇದೆ, ಒಂದೆರಡು ಹನಿ ರಕ್ತ ಸಾಕು.

ಬ್ರಿಟನ್ನಿಗೆ ನಾಯಿಯ ಸಮೇತ ಹೋಗಿ ನೆಲೆಸಿದ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಲಂಗ್‌ವರ್ಮ್ ಎಂದು ಕರೆಯುವ ಆಂಜಿಯೋಸ್ಟ್ರಾಂಜಿಲಸ್ ವಾಸೋರಮ್ ಕೂಡ ಶ್ವಾಸಕೋಶದ ನಾಳದಲ್ಲೇ ಇರುವ ಹುಳು. ಬರುವುದು ಬಸವನಹುಳು, ಚಿಪ್ಪಿಲ್ಲದ ಬಸವನಹುಳುಗಳಿಂದ. ರಕ್ತ ಹೆಪ್ಪುಗಟ್ಟುವುದನ್ನೇ ಇದು ಕೆಡಿಸಬಹುದು. ಕಾರಣವಿಲ್ಲದೆ ಮೂಗಿನಲ್ಲೋ ಒಸಡಿನಲ್ಲೋ ರಕ್ತ ಬಂದರೆ ಉದಾಸೀನ ಮಾಡಬೇಡಿ.

ಸ್ಪೈರೊಸೆರ್ಕಾಗೆ ಚಿಕಿತ್ಸೆ ಇದೆ. ಗಂಟು ಇನ್ನೂ ಕ್ಯಾನ್ಸರ್ ಆಗಿಲ್ಲದಿದ್ದರೆ ಡೊರಾಮೆಕ್ಟಿನ್ ಇಂಜೆಕ್ಷನ್ ಎರಡು ವಾರಕ್ಕೊಮ್ಮೆ ಹಲವು ಸಲ ಕೊಟ್ಟು, ಗಂಟು ಕರಗಿತೇ ಎಂದು ಎಂಡೋಸ್ಕೋಪಿಯಲ್ಲಿ ನೋಡುತ್ತಾರೆ. ಮಹಾಪಧಮನಿಯ ಉಬ್ಬನ್ನು ಮಾತ್ರ ಯಾವ ಔಷಧವೂ ಸರಿಮಾಡದು. ಯುರೋಪಿನಲ್ಲಿ ಬೆನ್ನಿಗೆ ಹಚ್ಚುವ ಮಾಕ್ಸಿಡೆಕ್ಟಿನ್ ಹನಿಯನ್ನು ಈ ಹುಳು ತಡೆಯಲು ಬಳಸಬಹುದೆಂದು ಅನುಮತಿ ಇದೆ.

ಇದನ್ನು ಓದಿ ಯಾರಾದರೂ ದನದ ಔಷಧದಂಗಡಿಗೆ ಹೋಗಿ ಐವರ್ಮೆಕ್ಟಿನ್ ತಂದು ಮನೆಯಲ್ಲೇ ಚುಚ್ಚಿಬಿಡುತ್ತಾರೋ ಎಂಬ ಅಳುಕು ನನಗಿದೆ. ಉಣ್ಣಿಗೆ, ಕಜ್ಜಿಗೆ ಹಾಗೆ ಮಾಡುವವರು ಬಹಳ ಜನ ಇದ್ದಾರೆ. ದಯವಿಟ್ಟು ಬೇಡ. ಹಾರ್ಟ್‌ವರ್ಮ್ ತಡೆಯಲು ಬೇಕಾದದ್ದು ಕೆಜಿಗೆ 6 ಮೈಕ್ರೊಗ್ರಾಂ. ದನಕ್ಕೆ ಕೊಡುವ ಸೀಸೆಯಲ್ಲಿ ಒಂದು ಎಂಎಲ್‌ಗೆ ಸಾಮಾನ್ಯವಾಗಿ 10,000 ಮೈಕ್ರೊಗ್ರಾಂ ಇರುತ್ತದೆ. ಸಿರಿಂಜು ಸ್ವಲ್ಪ ಹೆಚ್ಚು ಒತ್ತಿದರೂ ಎಲ್ಲಿಗೆ ಹೋಗುತ್ತದೆ ಲೆಕ್ಕ ಹಾಕಿ. ಕಾಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಫರ್ಡ್ ಜಾತಿಯ ಎಷ್ಟೋ ನಾಯಿಗಳಲ್ಲಿ ಒಂದು ಜೀನ್ ಕೆಟ್ಟಿರುತ್ತದೆ. ಅಂಥವುಗಳಲ್ಲಿ ಈ ಔಷಧ ಮಿದುಳಿಗೆ ನುಗ್ಗಿ, ನಾಯಿ ತೂರಾಡಿ, ಕೋಮಾಕ್ಕೂ ಹೋಗಬಹುದು. ಇನ್ನು ರಕ್ತದಲ್ಲಿ ಹಾರ್ಟ್‌ವರ್ಮ್ ಮರಿಗಳು ತುಂಬಿರುವ ನಾಯಿಗೆ ಕೊಟ್ಟರೆ ಅವೆಲ್ಲ ಒಮ್ಮೆಲೇ ಸತ್ತು ನಾಯಿ ಶಾಕ್‌ಗೆ ಜಾರಬಹುದು.

2023ರ ಗಣತಿಯಂತೆ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ. ಎಲ್ಲಕ್ಕೂ ಎಂಡೋಸ್ಕೋಪಿ ಎಂಬುದು ಹುಚ್ಚು ಮಾತು. ಆದರೆ ಸಂತಾನಹರಣ ಕೇಂದ್ರದಲ್ಲಿ ನಾಯಿ ಹೇಗೂ ಅರಿವಳಿಕೆಯಲ್ಲಿ ಮಲಗಿರುತ್ತದೆ. ಆಗ ಒಂದಷ್ಟು ನಾಯಿಗಳ ರಕ್ತದ ಸ್ಲೈಡ್, ಮಲದ ಮಾದರಿ ತೆಗೆದಿಟ್ಟುಕೊಂಡರೆ ಯಾವ ವಾರ್ಡಿನಲ್ಲಿ ಯಾವ ಹುಳು ಎಂದು ತಿಳಿಯುತ್ತದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಸ್ಲೈಡ್ ಓದುವವರಿಗೆ ಬರವಿಲ್ಲ. ಈಗ ನಾವು ಮಾಡುತ್ತಿರುವುದು ಎಲ್ಲ ನಾಯಿಗೂ ಒಂದೇ ಮಾತ್ರೆ, ಯಾವ ನಾಯಿಗೂ ಪರೀಕ್ಷೆ ಇಲ್ಲ.

ಮನೆಯಲ್ಲಿ ನಾಯಿ ಇದ್ದು, ತಿಂದದ್ದು ಹಾಗೇ ವಾಪಸ್ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲ ಪರೀಕ್ಷೆ ಮಾಡಿಸುವಾಗ ಸ್ಪೈರೊಸೆರ್ಕಾ ಹುಡುಕಿ ಎಂದು ಹೆಸರು ಹಿಡಿದೇ ಹೇಳಿ. ಇದರ ಮೊಟ್ಟೆ ತೀರಾ ಸಣ್ಣದು, ಭಾರ ಜಾಸ್ತಿ. ಲ್ಯಾಬಿನಲ್ಲಿ ಮಲವನ್ನು ದ್ರಾವಣದಲ್ಲಿ ಕಲಕಿ, ಮೇಲೆ ತೇಲಿದ ಮೊಟ್ಟೆ ಹುಡುಕುತ್ತಾರೆ. ಇದು ಮಾಮೂಲಿ ಉಪ್ಪುನೀರಿನಲ್ಲಿ ಸರಿಯಾಗಿ ತೇಲುವುದಿಲ್ಲ, ಗಟ್ಟಿ ಸಕ್ಕರೆ ಪಾಕದಂಥ ದ್ರಾವಣ ಬೇಕು. ದಿನವೂ ಬೀಳುವುದೂ ಇಲ್ಲ, ಹಾಗಾಗಿ ಬೇರೆ ಬೇರೆ ದಿನದ ಮಾದರಿ ಕೊಡಿ. ನೆಗೆಟಿವ್ ಬಂದರೂ ಎದೆಯ ಒಂದು ಎಕ್ಸ್‌ರೇ ತೆಗೆಸಿ. ಹೃದಯದ ಹಿಂದೆ, ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಮುಂದೆ ಗಡ್ಡೆಯಂಥ ನೆರಳಿದೆಯೇ, ಅದರ ಮೇಲಿನ ಬೆನ್ನುಮೂಳೆಯ ಅಡಿಭಾಗ ಒರಟಾಗಿದೆಯೇ ಎಂದು ಡಾಕ್ಟರನ್ನು ಕೇಳಿ. ಇದ್ದರೆ ಎಂಡೋಸ್ಕೋಪಿ ಇರುವ ಊರಿಗೆ ಹೊರಡುವುದನ್ನು ಮುಂದೂಡಬೇಡಿ.